ಕೆಲಸದಲ್ಲಿ ಗಾಯವಾದರೆ ಪರಿಹಾರ ಪಡೆಯುವುದು ಹೇಗೆ: ಆಸ್ಪತ್ರೆಯ ಮೊದಲ ಚೀಟಿಯಿಂದ ಹಣ ಖಾತೆಗೆ ಬರುವವರೆಗೆ

ಪವರ್ ಪ್ರೆಸ್‌ಗೆ ಬೆರಳು ಸಿಕ್ಕಿದ ಹುಡುಗನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗಲೇ ಸೂಪರ್‌ವೈಸರ್ ಒಂದು ಮಾತು ಹೇಳಿಕೊಡುತ್ತಾನೆ: "ಡಾಕ್ಟರ್ ಕೇಳಿದರೆ ಮನೆಯಲ್ಲಿ ಏಟಾಯಿತು ಎನ್ನು. ಫ್ಯಾಕ್ಟರಿ ಹೆಸರು ಹೇಳಿದರೆ ಪೊಲೀಸ್ ಕೇಸ್ ಆಗುತ್ತದೆ. ಖರ್ಚೆಲ್ಲ ಯಜಮಾನರು ನೋಡಿಕೊಳ್ಳುತ್ತಾರೆ." ನೋವಿನಲ್ಲಿರುವವನು ಒಪ್ಪುತ್ತಾನೆ. ಕೇಸ್ ಶೀಟ್‌ನಲ್ಲಿ 'ಮನೆಯಲ್ಲಿ ಬಿದ್ದು ಗಾಯ' ಎಂಬ ಒಂದು ಸಾಲು ಸೇರುತ್ತದೆ. ಎರಡು ವರ್ಷಗಳ ನಂತರ ನ್ಯಾಯಾಲಯದಲ್ಲಿ ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಎತ್ತಿ ಹಿಡಿಯುವುದು ಅದೇ ಸಾಲನ್ನು.

ಈ ವಿಷಯದಲ್ಲಿ ನಮ್ಮ ಕಾನೂನು ಕಾರ್ಮಿಕನಿಗೆ ಸಾಕಷ್ಟು ಅನುಕೂಲವಾಗಿಯೇ ಇದೆ. ಮಾಲೀಕರ ತಪ್ಪಿತ್ತು ಎಂದು ನೀವು ಸಾಬೀತು ಮಾಡಬೇಕಿಲ್ಲ. ನಿಮ್ಮದೇ ಅಜಾಗರೂಕತೆ ಇದ್ದರೂ ಪರಿಹಾರ ತಪ್ಪುವುದಿಲ್ಲ. ಗಾಯ ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಆಯಿತು ಎಂದು ತೋರಿಸಿದರೆ ಸಾಕು. ಆದರೂ ಎಷ್ಟೋ ಜನರ ಕೈಗೆ ಪೂರ್ತಿ ಹಣ ಬರುವುದಿಲ್ಲ. ಅದಕ್ಕೆ ಬಹುಪಾಲು ಕಾರಣ ಮೊದಲ ವಾರದಲ್ಲಿ ಆಗಬೇಕಿದ್ದ ಕಾಗದಪತ್ರ ಆಗದಿರುವುದು. ಆದ್ದರಿಂದ ಈ ಲೇಖನದಲ್ಲಿ ಆ ಮೊದಲ ವಾರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಆಸ್ಪತ್ರೆಯಲ್ಲಿ

ಮೊದಲು ಚಿಕಿತ್ಸೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಾಖಲಾಗುವಾಗ ವೈದ್ಯರು "ಹೇಗಾಯಿತು?" ಎಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ: ಯಾವ ಸಂಸ್ಥೆ, ಯಾವ ಯಂತ್ರ ಅಥವಾ ಯಾವ ಕಟ್ಟಡದ ಎಷ್ಟನೇ ಮಹಡಿ, ಎಷ್ಟು ಗಂಟೆ. ಗಾಯಾಳುವಿಗೆ ಮಾತನಾಡಲು ಆಗದಿದ್ದರೆ ಜೊತೆಗಿರುವವರು ಹೇಳಬೇಕು. ಬರೆದದ್ದನ್ನು ಓದಿ ಹೇಳುವಂತೆ ಕೇಳಲು ಸಂಕೋಚ ಬೇಡ.

ಕೆಲಸದ ಜಾಗದ ಅಪಘಾತವನ್ನು ಆಸ್ಪತ್ರೆಯವರು ಎಂ.ಎಲ್.ಸಿ. (ವೈದ್ಯಕೀಯ-ಕಾನೂನು) ಪ್ರಕರಣವಾಗಿ ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಇದಕ್ಕೆ ಗಾಯಾಳು ಹೆದರಬೇಕಾದ್ದು ಏನೂ ಇಲ್ಲ, ಪ್ರಕರಣ ಅವನ ಮೇಲೆ ಆಗುವುದಿಲ್ಲ. ಎಫ್‌ಐಆರ್ ಇಲ್ಲದಿದ್ದರೂ ಪರಿಹಾರದ ಅರ್ಜಿ ನಡೆಯುತ್ತದೆ. ಇದ್ದರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಅಪಘಾತದ ದಿನ, ಸ್ಥಳ, ಸಾಕ್ಷಿ ಮೂರೂ ಸರ್ಕಾರಿ ಕಾಗದದಲ್ಲಿ ಇರುತ್ತವೆ. ಸಾವು ಸಂಭವಿಸಿದರೆ ಮರಣೋತ್ತರ ಪರೀಕ್ಷೆ ಬೇಡವೆಂದು ಮನೆಯವರೇ ಬರೆದುಕೊಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಕೆಲಸದಲ್ಲಿದ್ದಾಗ ಕುಸಿದು ಬಿದ್ದು ಸತ್ತವರ ಪ್ರಕರಣಗಳಲ್ಲಿ ಸಾವಿಗೂ ಕೆಲಸಕ್ಕೂ ನಂಟು ತೋರಿಸಲು ಆ ವರದಿಗಿಂತ ದೊಡ್ಡ ಆಧಾರ ಸಿಗುವುದು ಕಷ್ಟ.

ಬಿಡುಗಡೆಯ ಹೊತ್ತಿಗೆ ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ ಫಿಲ್ಮ್, ಔಷಧಿ ಬಿಲ್ಲು, ಗಾಯದ ಪ್ರಮಾಣಪತ್ರ ನಿಮ್ಮ ಕೈಯಲ್ಲಿರಬೇಕು. "ಬಿಲ್ಲು ಕಂಪನಿಗೆ ಬೇಕು" ಎಂದು ಮೂಲಪ್ರತಿಗಳನ್ನು ಒಯ್ಯುತ್ತಾರೆ. ಒಯ್ಯಲಿ, ಆದರೆ ಅದಕ್ಕೆ ಮೊದಲು ಪ್ರತಿಯೊಂದರ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ.

ಮೊದಲ ವಾರ: ನೌಕರಿಯ ಪುರಾವೆ

ಮಾಲೀಕರು ಸಾಮಾನ್ಯವಾಗಿ ಎತ್ತುವ ಮೊದಲ ತಕರಾರು "ಇವನು ನಮ್ಮ ಕೆಲಸದವನೇ ಅಲ್ಲ" ಎಂಬುದು. ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಖಾತೆ ಇದ್ದವರಿಗೆ ಚಿಂತೆಯಿಲ್ಲ. ಇಲ್ಲದವರೇ ಹೆಚ್ಚು. ಅಂಥವರು ಚೂರುಪಾರುಗಳನ್ನು ಒಟ್ಟುಮಾಡಬೇಕು. ಗುರುತಿನ ಚೀಟಿ, ಗೇಟ್ ಪಾಸ್, ಹಾಜರಿ ಪುಸ್ತಕದ ಪುಟದ ಫೋಟೋ, ಮೇಸ್ತ್ರಿ ಫೋನ್‌ಪೇ ಅಥವಾ ಗೂಗಲ್ ಪೇ ಮೂಲಕ ಹಾಕಿದ ಕೂಲಿ, "ನಾಳೆ ಬೆಳಿಗ್ಗೆ ಎಂಟಕ್ಕೆ ಸೈಟಿಗೆ ಬಾ" ಎಂಬ ವಾಟ್ಸ್ಆ್ಯಪ್ ಸಂದೇಶ, ಕೆಲಸದ ಬಟ್ಟೆಯಲ್ಲಿ ಯಂತ್ರದ ಪಕ್ಕ ನಿಂತ ಹಳೆಯ ಫೋಟೋ, ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಹಳೆಯ ಮೊಬೈಲ್ ಮಾರುವುದು, ರೀಸೆಟ್ ಮಾಡುವುದು ಸದ್ಯಕ್ಕೆ ಬೇಡ.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಮೂವರ ಹೆಸರು, ಊರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಇನ್ನೂ ಅಲ್ಲಿಯೇ ಕೆಲಸದಲ್ಲಿರುವವರು ಸಾಕ್ಷಿ ಹೇಳಲು ಹಿಂಜರಿಯುತ್ತಾರೆ, ಅದು ಸಹಜ. ಕೆಲಸ ಬಿಟ್ಟುಹೋದವರು ಒಪ್ಪುವ ಸಾಧ್ಯತೆ ಹೆಚ್ಚು. ಅಪಘಾತವಾದ ಜಾಗದ, ಯಂತ್ರದ ಫೋಟೋ ಅಂದೇ ಸಿಕ್ಕರೆ ಒಳ್ಳೆಯದು. ವಾರ ಕಳೆದರೆ ಅಲ್ಲಿ ಹೊಸ ರಕ್ಷಣಾ ಕವಚ, ಹೊಸ ಎಚ್ಚರಿಕೆ ಫಲಕ ಎಲ್ಲ ಬಂದು ಕುಳಿತಿರುತ್ತವೆ.

ಕಾರ್ಖಾನೆಯಲ್ಲಿ ಆದ ಗಾಯದಿಂದ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸಕ್ಕೆ ಬರಲು ಆಗದಿದ್ದರೆ ಆಡಳಿತವು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ವರದಿ ಮಾಡಬೇಕು. ವರದಿ ಹೋಗಿಲ್ಲ ಎಂಬ ಅನುಮಾನ ಇದ್ದರೆ ನೀವೇ ಒಂದು ಪತ್ರ ಬರೆಯಬಹುದು. ವರದಿ ಹೋಗಿದ್ದರೆ ಅದರ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು.

ನೋಟಿಸ್ ಕೊಡಿ, ಬಾಯಿಮಾತು ಸಾಲದು

ಅಪಘಾತದ ವಿಷಯವನ್ನು ಮಾಲೀಕರಿಗೆ ಆದಷ್ಟು ಬೇಗ ಬರಹದಲ್ಲಿ ತಿಳಿಸಬೇಕು. ಮಾಲೀಕರಿಗೆ ಬೇರೆ ದಾರಿಯಿಂದ ವಿಷಯ ಗೊತ್ತಾಗಿದ್ದರೆ ನೋಟಿಸ್ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ಬೀಳುವುದಿಲ್ಲ. ಆದರೂ ಕೊಡಿ. ವಕೀಲರ ಲೆಟರ್‌ಹೆಡ್ ಬೇಕಿಲ್ಲ, ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದರೆ ನಡೆಯುತ್ತದೆ. ಹೀಗೆ:

"ಇವರಿಗೆ, ವ್ಯವಸ್ಥಾಪಕರು, (ಸಂಸ್ಥೆಯ ಹೆಸರು ಮತ್ತು ವಿಳಾಸ). ಮಾನ್ಯರೇ, ನಾನು (ಹೆಸರು, ವಯಸ್ಸು, ಊರು) ನಿಮ್ಮ ಸಂಸ್ಥೆಯಲ್ಲಿ (ದಿನಾಂಕ)ದಿಂದ (ಹುದ್ದೆ) ಆಗಿ ಕೆಲಸ ಮಾಡುತ್ತಿದ್ದು, ತಿಂಗಳಿಗೆ (ಮೊತ್ತ) ರೂಪಾಯಿ ಸಂಬಳ ಪಡೆಯುತ್ತಿದ್ದೆನು. (ದಿನಾಂಕ)ರಂದು (ಸಮಯ)ಕ್ಕೆ (ಜಾಗ)ದಲ್ಲಿ (ಕೆಲಸ) ಮಾಡುತ್ತಿದ್ದಾಗ (ಏನಾಯಿತು) ನನ್ನ (ಅಂಗ)ಕ್ಕೆ ಗಾಯವಾಗಿರುತ್ತದೆ. (ಆಸ್ಪತ್ರೆ)ಯಲ್ಲಿ ಚಿಕಿತ್ಸೆ ಪಡೆದಿರುತ್ತೇನೆ. ಕಾನೂನಿನಂತೆ ನನಗೆ ಸಲ್ಲಬೇಕಾದ ಪರಿಹಾರ ಮತ್ತು ಚಿಕಿತ್ಸಾ ವೆಚ್ಚವನ್ನು ಪಾವತಿಸಬೇಕೆಂದು ಕೋರುತ್ತೇನೆ. ಸಹಿ, ದಿನಾಂಕ."

ಎರಡು ಪ್ರತಿ ಮಾಡಿ. ಕಚೇರಿಯಲ್ಲಿ ತೆಗೆದುಕೊಂಡರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿ. ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಕಳುಹಿಸಿ. 2025ರ ಸೆಪ್ಟೆಂಬರ್‌ನಿಂದ ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನಗೊಳಿಸಿದ್ದಾರೆ. ಆದ್ದರಿಂದ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಂಡು, ತಲುಪಿದ ವಿವರವನ್ನು ಅಂಚೆ ಇಲಾಖೆಯ ಜಾಲತಾಣದಿಂದ ಮುದ್ರಿಸಿಕೊಳ್ಳಿ. ವಿಳಾಸದಾರರು ನಿರಾಕರಿಸಿದರು ಎಂಬ ಷರಾದೊಂದಿಗೆ ಲಕೋಟೆ ವಾಪಸ್ ಬಂದರೆ ಅದನ್ನು ಒಡೆಯದೆ ಹಾಗೆಯೇ ಇಡಿ. ಅದೂ ದಾಖಲೆಯೇ.

ಇಎಸ್‌ಐ ಇದೆಯೇ ಇಲ್ಲವೇ: ದಾರಿ ಕವಲೊಡೆಯುವುದು ಇಲ್ಲಿ

ಇಲ್ಲಿಂದ ಮುಂದೆ ಎರಡು ಬೇರೆ ಬೇರೆ ದಾರಿಗಳು. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುವ ಕಾರ್ಮಿಕರು ಅದೇ ಗಾಯಕ್ಕೆ ಮಾಲೀಕರಿಂದ ಪರಿಹಾರ ಕೇಳಿ ಅರ್ಜಿ ಹಾಕುವಂತಿಲ್ಲ. ಅವರಿಗೆ ಹಣ ಬರುವುದು ಇಎಸ್‌ಐ ನಿಗಮದಿಂದ. ತಪ್ಪು ಬಾಗಿಲು ತಟ್ಟಿ ವರ್ಷಗಟ್ಟಲೆ ಕಳೆದವರಿದ್ದಾರೆ, ಹಾಗಾಗಿ ಇದನ್ನು ಮೊದಲೇ ಖಚಿತಪಡಿಸಿಕೊಳ್ಳಿ.

ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಇಎಸ್‌ಐ ಅಡಿ ಬರುತ್ತಾರೆ. ಅಂಗವಿಕಲರಿಗೆ ಈ ಮಿತಿ 25,000. ನಿಮ್ಮ ವೇತನದಲ್ಲಿ ಶೇ. 0.75 ಕಡಿತವಾಗುತ್ತಿದ್ದರೆ ನೀವು ವಿಮಾದಾರರು, ಮಾಲೀಕರು ತಮ್ಮ ಪಾಲಿನ ಶೇ. 3.25 ಕಟ್ಟಬೇಕು. ಕಾಯಿಲೆಯ ರಜೆಗೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತಿದೆ, ಕೆಲಸದ ಗಾಯಕ್ಕೆ ಅದಿಲ್ಲ. ಸೇರಿದ ಮೊದಲ ದಿನವೇ ಗಾಯವಾದರೂ ಸೌಲಭ್ಯ ಉಂಟು.

ಇಎಸ್‌ಐ ದಾರಿಯಲ್ಲಿ ಮುಖ್ಯ ಕಾಗದವೆಂದರೆ ಮಾಲೀಕರು ಶಾಖಾ ಕಚೇರಿಗೆ ಸಲ್ಲಿಸುವ ಅಪಘಾತ ವರದಿ. ಅದು ಹೋಗಿದೆಯೇ ಎಂದು ಶಾಖಾ ಕಚೇರಿಯಲ್ಲಿ ನೀವೇ ವಿಚಾರಿಸಿ. ಗಾಯದ ಕಾರಣ ಕೆಲಸ ಮಾಡಲಾಗದ ಅವಧಿಗೆ ವೇತನದ ಶೇ. 90ರಷ್ಟು ತಾತ್ಕಾಲಿಕ ಅಂಗವೈಕಲ್ಯ ಸೌಲಭ್ಯ ಸಿಗುತ್ತದೆ. ಈ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ. ಗಾಯ ಮಾಗಿದ ಮೇಲೂ ಊನ ಉಳಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಗಳಿಕೆಯ ಸಾಮರ್ಥ್ಯ ಎಷ್ಟು ಕುಗ್ಗಿದೆ ಎಂದು ಮಂಡಳಿ ತೀರ್ಮಾನಿಸಿದ ಪ್ರಮಾಣಕ್ಕೆ ತಕ್ಕಂತೆ ಜೀವನಪೂರ್ತಿ ತಿಂಗಳ ಹಣ ಬರುತ್ತದೆ. ಸಾವಾದರೆ ಹೆಂಡತಿ, ಮಕ್ಕಳಿಗೆ ಅವಲಂಬಿತರ ಸೌಲಭ್ಯ. ತಾತ್ಕಾಲಿಕ ಸೌಲಭ್ಯ ನಿಂತ ಮೇಲೆ ಬೆರಳು ಕಳೆದುಕೊಂಡ ಎಷ್ಟೋ ಜನ ಮಂಡಳಿಯ ಗೊಡವೆಗೇ ಹೋಗುವುದಿಲ್ಲ, ಅದು ದೊಡ್ಡ ನಷ್ಟ. ಹನ್ನೆರಡು ತಿಂಗಳೊಳಗೆ ಅರ್ಜಿ ಕೊಡಿ. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಅವಕಾಶವಿದೆ.

ಸಂಬಳದಿಂದ ಇಎಸ್‌ಐ ಹಿಡಿದು ನಿಗಮಕ್ಕೆ ಕಟ್ಟದೆ ಇರುವ ಮಾಲೀಕರಿದ್ದಾರೆ. ನೋಂದಣಿಯನ್ನೇ ಮಾಡಿಸದವರೂ ಇದ್ದಾರೆ. ಇದರಿಂದ ಕಾರ್ಮಿಕನ ಹಕ್ಕು ಹೋಗುವುದಿಲ್ಲ. ನಿಗಮವೇ ಸೌಲಭ್ಯ ಕೊಟ್ಟು ಮಾಲೀಕರಿಂದ ವಸೂಲಿ ಮಾಡಬಹುದು. ಕಡಿತ ಕಾಣಿಸುವ ಸಂಬಳದ ಚೀಟಿಯೊಂದನ್ನು ಜೋಪಾನವಾಗಿ ಇಡಿ.

ಇಎಸ್‌ಐ ಇಲ್ಲದವರಿಗೆ: ಯಾವ ಕಾನೂನು, ಯಾರ ಮೇಲೆ

ಕಟ್ಟಡ ಕಾರ್ಮಿಕರು, ಲಾರಿ ಚಾಲಕರು, ಕ್ಲೀನರ್‌ಗಳು, ಹಮಾಲರು, ಕಲ್ಲುಗಣಿಯವರು, ಕಾಫಿ ತೋಟದವರು ಹೆಚ್ಚಾಗಿ ಬರುವುದು ಈ ದಾರಿಗೆ. ಸುಮಾರು ನೂರು ವರ್ಷ ಇದನ್ನು ನಡೆಸಿದ್ದು 1923ರ ಕಾಯ್ದೆ. ಮೊದಲು ಕಾರ್ಮಿಕರ ಪರಿಹಾರ ಕಾಯ್ದೆ ಎನಿಸಿಕೊಂಡಿದ್ದದ್ದು 2010ರಿಂದ ನೌಕರರ ಪರಿಹಾರ ಕಾಯ್ದೆ ಆಯಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದು, ಹಳೆಯ ಕಾಯ್ದೆಯ ಸಾರವನ್ನು ತನ್ನ ಏಳನೆಯ ಅಧ್ಯಾಯದಲ್ಲಿ ಸೇರಿಸಿಕೊಂಡಿದೆ. ಆ ದಿನಕ್ಕಿಂತ ಮೊದಲು ಆದ ಅಪಘಾತಕ್ಕೆ ಹಳೆಯ ಕಾಯ್ದೆ, ನಂತರದ್ದಕ್ಕೆ ಸಂಹಿತೆ. ಲೆಕ್ಕದ ಸೂತ್ರ ಎರಡರಲ್ಲೂ ಒಂದೇ. ಒಂದು ಒಳ್ಳೆಯ ಸೇರ್ಪಡೆ ಎಂದರೆ, ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಮರಳುವಾಗ ಆದ ಅಪಘಾತವೂ, ಸಮಯ ಮತ್ತು ಸ್ಥಳದ ನಂಟು ತೋರಿಸಿದರೆ, ಕೆಲಸದ ಅಪಘಾತವೇ ಎಂದು ಸಂಹಿತೆ ಹೇಳುತ್ತದೆ.

ದಿನಗೂಲಿ, ತಾತ್ಕಾಲಿಕ ಎಂಬ ಮಾತಿನಿಂದ ಹಕ್ಕು ತಪ್ಪುವುದಿಲ್ಲ. ಗುತ್ತಿಗೆಯ ಸರಪಳಿ ಇದ್ದಾಗ "ನನ್ನನ್ನು ಕೆಲಸಕ್ಕಿಟ್ಟದ್ದು ಮೇಸ್ತ್ರಿ, ಬಿಲ್ಡರ್ ಅಲ್ಲ" ಎಂದು ಸುಮ್ಮನಾಗಬೇಡಿ. ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು ಮೂಲ ಮಾಲೀಕನಾಗಿ ಪರಿಹಾರ ಕೊಡಬೇಕು. ಆಮೇಲೆ ಬೇಕಾದರೆ ಅವನು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಹೀಗಾಗಿ ಅರ್ಜಿಯಲ್ಲಿ ಮೇಸ್ತ್ರಿ, ಗುತ್ತಿಗೆದಾರ, ಬಿಲ್ಡರ್ ಮೂವರನ್ನೂ ಎದುರುದಾರರನ್ನಾಗಿ ಮಾಡುವುದು ಜಾಣತನ. ಸ್ವಂತಕ್ಕೆ ಮನೆ ಕಟ್ಟಿಸುವ ನಿವೃತ್ತ ಮೇಷ್ಟ್ರ ವಿಷಯ ಬೇರೆ. ಮನೆ ಕಟ್ಟಿಸುವುದು ಅವರ ವ್ಯಾಪಾರವಲ್ಲ, ಅಲ್ಲಿ ಹೊಣೆ ಮುಖ್ಯವಾಗಿ ಗುತ್ತಿಗೆದಾರನದು.

ವಾಹನದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಆಯ್ಕೆ ಇದೆ. ರಸ್ತೆ ಅಪಘಾತವಾದರೆ ಮೋಟಾರು ಅಪಘಾತ ನ್ಯಾಯಮಂಡಳಿಗೂ ಹೋಗಬಹುದು, ಇಲ್ಲಿಗೂ ಬರಬಹುದು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ತಪ್ಪು ಎದುರಿನ ವಾಹನದ್ದು ಎಂಬುದಕ್ಕೆ ಗಟ್ಟಿ ಪುರಾವೆ ಇದ್ದರೆ ನ್ಯಾಯಮಂಡಳಿಯಲ್ಲಿ ಹೆಚ್ಚು ಹಣ ಸಿಗಬಹುದು, ಏಕೆಂದರೆ ಅಲ್ಲಿ ವೇತನಕ್ಕೆ ಮಿತಿ ಇಲ್ಲ. ಲಾರಿ ತಾನಾಗಿಯೇ ಹಳ್ಳಕ್ಕೆ ಬಿದ್ದು ಚಾಲಕನಿಗೆ ಗಾಯವಾಗಿದ್ದರೆ, ತಪ್ಪಿನ ಪ್ರಶ್ನೆಯೇ ಏಳದ ಈ ದಾರಿ ಮೇಲು. ಸರಕು ಸಾಗಣೆ ವಾಹನದ ವಿಮೆಯೇ ಚಾಲಕ ಮತ್ತು ಕ್ಲೀನರ್‌ಗೆ ಈ ಪರಿಹಾರವನ್ನು ಒಳಗೊಂಡಿರುವುದರಿಂದ ವಿಮಾ ಕಂಪನಿಯನ್ನೂ ಅರ್ಜಿಯಲ್ಲಿ ಸೇರಿಸಬೇಕು. ವಾಹನದ ನಂಬರ್ ಮತ್ತು ಪಾಲಿಸಿ ಪ್ರತಿ ಪೊಲೀಸ್ ದಾಖಲೆಗಳಲ್ಲಿ ಸಿಗುತ್ತವೆ.

ಮಾಲೀಕರು ಎತ್ತಬಹುದಾದ ಆಕ್ಷೇಪಗಳು ಕೆಲವೇ: ಕುಡಿದಿದ್ದ, ಸುರಕ್ಷತೆಯ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದ, ರಕ್ಷಣಾ ಸಾಧನವನ್ನು ಬೇಕೆಂದೇ ತೆಗೆದ. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆಗಿದ್ದರೆ ಇವೂ ನಡೆಯುವುದಿಲ್ಲ. ಹೆಲ್ಮೆಟ್ಟನ್ನೇ ಕೊಡದ ಸೈಟಿನಲ್ಲಿ "ಹೆಲ್ಮೆಟ್ ಹಾಕಿರಲಿಲ್ಲ" ಎಂಬ ವಾದ ಕೇಳಿಬರುತ್ತದೆ. ಅದಕ್ಕೆ ಬೆದರಬೇಕಿಲ್ಲ.

ಎಷ್ಟು ಸಿಗಬೇಕು: ಲೆಕ್ಕ ನೀವೇ ಹಾಕಿ

ಸೂತ್ರ ಮೂರು ಸಂಖ್ಯೆಗಳದು. ತಿಂಗಳ ವೇತನ, ವಯಸ್ಸಿಗೆ ತಕ್ಕ ಗುಣಕ, ಊನದ ಶೇಕಡಾ ಪ್ರಮಾಣ.

ಸಾವಿನಲ್ಲಿ ವೇತನದ ಶೇ. 50ನ್ನು ಗುಣಕದಿಂದ ಗುಣಿಸಬೇಕು, ಕನಿಷ್ಠ 1,20,000 ರೂಪಾಯಿ. ಪೂರ್ಣ ಶಾಶ್ವತ ಅಂಗವೈಕಲ್ಯದಲ್ಲಿ ಶೇ. 60, ಕನಿಷ್ಠ 1,40,000. ಭಾಗಶಃ ಊನಕ್ಕೆ ಈ ಎರಡನೆಯ ಮೊತ್ತದಲ್ಲಿ ಊನದ ಪ್ರಮಾಣದಷ್ಟು. ಗುಣಕ 25 ವರ್ಷಕ್ಕೆ 216.91, 30ಕ್ಕೆ 207.98, 35ಕ್ಕೆ 197.06, 40ಕ್ಕೆ 184.17, 45ಕ್ಕೆ 169.44, 50ಕ್ಕೆ 153.09, 60ಕ್ಕೆ 117.41. ನಡುವಿನ ವಯಸ್ಸುಗಳಿಗೂ ಕೋಷ್ಟಕದಲ್ಲಿ ಅಂಕಿಗಳಿವೆ. ವಯಸ್ಸಿಗೆ ಹಿಂದಿನ ಹುಟ್ಟುಹಬ್ಬಕ್ಕೆ ತುಂಬಿದ ವರ್ಷ ಲೆಕ್ಕ. ಆಧಾರ್ ಮತ್ತು ಶಾಲೆಯ ದಾಖಲೆಯಲ್ಲಿ ಬೇರೆ ಬೇರೆ ಹುಟ್ಟಿದ ದಿನ ಇದ್ದರೆ ವಕೀಲರಿಗೆ ಮೊದಲೇ ತಿಳಿಸಿ.

ವೇತನಕ್ಕೆ ಒಂದು ಮಿತಿ ಇದೆ. ನೀವು 22,000 ದುಡಿಯುತ್ತಿದ್ದರೂ ಲೆಕ್ಕಕ್ಕೆ ಹಿಡಿಯುವುದು 15,000. 2020ರ ಜನವರಿ 3ರಂದು ನಿಗದಿಯಾದ ಮಿತಿ ಇದು, ಅದಕ್ಕೂ ಮೊದಲು 8,000 ಇತ್ತು. ಅಧಿಸೂಚನೆಯ ಮೂಲಕ ಇದನ್ನು ಏರಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ, ಆದ್ದರಿಂದ ನಿಮ್ಮ ಅಪಘಾತದ ದಿನ ಜಾರಿಯಲ್ಲಿದ್ದ ಮಿತಿ ಯಾವುದೆಂದು ಕೇಳಿ. ಇಂದಿನ ಕೂಲಿಯ ಮುಂದೆ 15,000 ಬಹಳ ಸಣ್ಣ ಅಂಕಿ. ನುರಿತ ಗಾರೆ ಕೆಲಸದವನ ತಿಂಗಳ ದುಡಿಮೆ ಇದಕ್ಕಿಂತ ಎಷ್ಟೋ ಹೆಚ್ಚು.

ಒಂದು ಉದಾಹರಣೆ. 35 ವರ್ಷದ, ತಿಂಗಳಿಗೆ 14,000 ರೂಪಾಯಿ ಪಡೆಯುವ ಕಾರ್ಮಿಕ. ಅದರ ಶೇ. 60 ಎಂದರೆ 8,400. 197.06ರಿಂದ ಗುಣಿಸಿದರೆ 16,55,304 ರೂಪಾಯಿ. ಇದು ಪೂರ್ಣ ಅಂಗವೈಕಲ್ಯದ ಮೊತ್ತ. ಕಾನೂನಿನ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14, ಮಧ್ಯದ ಬೆರಳಿಗೆ ಶೇ. 12, ಒಂದೇ ಕೈಯ ನಾಲ್ಕು ಬೆರಳುಗಳಿಗೆ ಶೇ. 50. ಹಾಗಾದರೆ ತೋರುಬೆರಳು ಕಳೆದುಕೊಂಡ ಇವನಿಗೆ 2,31,742 ರೂಪಾಯಿ, ಹೆಬ್ಬೆರಳಾದರೆ 4,96,591 ರೂಪಾಯಿ. "ಇಪ್ಪತ್ತು ಸಾವಿರ ಕೊಡುತ್ತೇವೆ, ಮುಗಿಸಿಬಿಡು" ಎನ್ನುವವರ ಮುಂದೆ ಕುಳಿತುಕೊಳ್ಳುವ ಮೊದಲು ಈ ಲೆಕ್ಕ ಕೈಯಲ್ಲಿರಲಿ.

ವೇತನಕ್ಕೆ ದಾಖಲೆಯೇ ಇಲ್ಲದಿದ್ದರೆ ಆ ಉದ್ಯೋಗಕ್ಕೆ ಸರ್ಕಾರ ನಿಗದಿಮಾಡಿದ ಕನಿಷ್ಠ ವೇತನದ ಅಧಿಸೂಚನೆಯನ್ನು ಹಾಜರುಪಡಿಸಬಹುದು.

ತಾತ್ಕಾಲಿಕವಾಗಿ ಕೆಲಸ ತಪ್ಪಿದ್ದರೆ ವೇತನದ ಶೇ. 25ರಂತೆ ಅರ್ಧ ತಿಂಗಳಿಗೊಮ್ಮೆ ಪಾವತಿಯಾಗಬೇಕು, ಗರಿಷ್ಠ ಐದು ವರ್ಷ. ಮೊದಲ ಮೂರು ದಿನ ಲೆಕ್ಕಕ್ಕಿಲ್ಲ. ಆದರೆ 28 ದಿನ ಅಥವಾ ಹೆಚ್ಚು ಕಾಲ ಕೆಲಸ ತಪ್ಪಿದರೆ ಮೊದಲ ದಿನದಿಂದಲೇ ಲೆಕ್ಕ. ಇದೆಲ್ಲದರ ಮೇಲೆ ಚಿಕಿತ್ಸೆಯ ನಿಜವಾದ ಖರ್ಚನ್ನೂ ಮಾಲೀಕರೇ ಭರಿಸಬೇಕು. ಆಸ್ಪತ್ರೆಗೆ ಕಟ್ಟಿದ ಹಣವನ್ನು ಪರಿಹಾರದಲ್ಲಿ ಮುರಿದುಕೊಳ್ಳುವಂತಿಲ್ಲ. ಆಸ್ಪತ್ರೆಯ ಬಿಲ್ಲನ್ನೇ ಪರಿಹಾರ ಎಂದು ನಂಬಿಸುವ ಪದ್ಧತಿ ಬಹಳ ಕಡೆ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಶೇಕಡಾ ಪ್ರಮಾಣದ ಜಗಳ

ಬೆರಳು, ಕೈ, ಕಾಲು ಕತ್ತರಿಸಿಹೋದರೆ ಪಟ್ಟಿ ನೋಡಿದರಾಯಿತು. ಬೆನ್ನುಮೂಳೆ ಮುರಿದಿದೆ, ಸೊಂಟ ಬಾಗುವುದಿಲ್ಲ, ಕೈ ಇದೆ ಆದರೆ ಹಿಡಿತವಿಲ್ಲ ಎಂಬ ಗಾಯಗಳು ಪಟ್ಟಿಯಲ್ಲಿಲ್ಲ. ಅಲ್ಲಿ ಅರ್ಹ ವೈದ್ಯರು ಗಳಿಕೆಯ ಸಾಮರ್ಥ್ಯ ಎಷ್ಟು ನಷ್ಟವಾಗಿದೆ ಎಂದು ಅಂದಾಜಿಸಬೇಕು. ಹೆಚ್ಚಿನ ಅರ್ಜಿಗಳ ಮೊತ್ತ ಕುಸಿಯುವುದು ಈ ಹಂತದಲ್ಲಿ. ವೈದ್ಯರು ಬರೆದುಕೊಡುವ ಅಂಗವಿಕಲತೆಯ ಪ್ರಮಾಣಪತ್ರದಲ್ಲಿ "ಬಲಗಾಲಿಗೆ ಶೇ. 36" ಎಂದಷ್ಟೇ ಇರುತ್ತದೆ. ನ್ಯಾಯಾಲಯಕ್ಕೆ ಬೇಕಾದ್ದು ಆ ಕಾಲಿನಿಂದ ಆ ಮನುಷ್ಯ ತನ್ನ ಕೆಲಸವನ್ನು ಎಷ್ಟು ಮಾಡಬಲ್ಲ ಎಂಬುದು. ಲೆಕ್ಕ ಬರೆಯುವವನಿಗೆ ಕುಂಟುವ ಕಾಲು ಒಂದು ತೊಂದರೆ. ಸಾರ್ವೆ ಹತ್ತುವವನಿಗೆ ಅದು ಜೀವನೋಪಾಯದ ಅಂತ್ಯ.

ಸುಪ್ರೀಂ ಕೋರ್ಟ್ ಇದನ್ನು ಅರ್ಧ ಶತಮಾನದ ಹಿಂದೆಯೇ ಸ್ಪಷ್ಟಪಡಿಸಿದೆ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಎಂದು ವಕೀಲರೆಲ್ಲ ಹೇಳುವ, 1976ರ ವರದಿಗಳಲ್ಲಿ ಇರುವ ತೀರ್ಪಿನಲ್ಲಿ, ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಗಿ ಬಂದ ಬಡಗಿಗೆ ಪೂರ್ಣ ಅಂಗವೈಕಲ್ಯದ ಪರಿಹಾರ ಎತ್ತಿಹಿಡಿಯಲಾಯಿತು. ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲ ಎಂಬುದೇ ಕಾರಣ. ಪರಿಹಾರ ಕೊಡುವ ಹೊಣೆ ತೀರ್ಪಿನ ದಿನದಿಂದಲ್ಲ, ಅಪಘಾತದ ದಿನದಿಂದಲೇ ಹುಟ್ಟುತ್ತದೆ ಎಂಬ ಮಾತೂ ಅದೇ ತೀರ್ಪಿನದು.

ಆದ್ದರಿಂದ ವೈದ್ಯರ ಬಳಿ ಹೋದಾಗ ನಿಮ್ಮ ಕೆಲಸ ಏನೆಂದು ವಿವರವಾಗಿ ಹೇಳಿ. ಎಷ್ಟು ಕಿಲೋ ಎತ್ತಬೇಕಿತ್ತು, ಎಷ್ಟು ಹೊತ್ತು ನಿಲ್ಲಬೇಕಿತ್ತು, ಯಾವ ಕೈಯಲ್ಲಿ ಏನು ಹಿಡಿಯಬೇಕಿತ್ತು ಎಲ್ಲವನ್ನೂ. ಚಿಕಿತ್ಸೆ ಮಾಡಿದ ವೈದ್ಯರೇ ನ್ಯಾಯಾಲಯಕ್ಕೆ ಬಂದು ಸಾಕ್ಷ್ಯ ನುಡಿದರೆ ಅದಕ್ಕೆ ತೂಕ ಹೆಚ್ಚು.

ರಾಜಿಯ ಕಾಗದ

ಮಾತುಕತೆಯಲ್ಲಿ ಮುಗಿದರೆ ಒಳ್ಳೆಯದೇ. ಆದರೆ ಖಾಲಿ ಹಾಳೆಗೆ ಅಥವಾ ಓದಿ ಹೇಳದ ಛಾಪಾ ಕಾಗದಕ್ಕೆ ಸಹಿ ಮಾಡಬೇಡಿ. ಹಾಗೆ ಸಹಿ ಹಾಕಿದವರಿಗೂ ಒಂದು ಸಮಾಧಾನವಿದೆ: ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ. ರಾಜಿ ನಿಲ್ಲಬೇಕಾದರೆ ಅದನ್ನು ಈ ಅರ್ಜಿಗಳನ್ನು ವಿಚಾರಿಸುವ ಪರಿಹಾರ ಆಯುಕ್ತರ ಮುಂದೆ ನೋಂದಾಯಿಸಬೇಕು, ಮೊತ್ತ ತೀರಾ ಕಡಿಮೆ ಎನಿಸಿದರೆ ಅವರು ನೋಂದಣಿ ನಿರಾಕರಿಸಬಹುದು. ಸಾವಿನ ಪ್ರಕರಣದಲ್ಲಂತೂ ಪರಿಹಾರದ ಹಣವನ್ನು ನೇರವಾಗಿ ಮನೆಯವರ ಕೈಗೆ ಕೊಡುವಂತೆಯೇ ಇಲ್ಲ, ಆಯುಕ್ತರ ಬಳಿ ಠೇವಣಿ ಇಡಬೇಕು. ಅಂತ್ಯಕ್ರಿಯೆಗೆ ಎಂದು ಐವತ್ತು ಸಾವಿರ ಕೊಟ್ಟು ಸಹಿ ಪಡೆದ ಮಾತ್ರಕ್ಕೆ ಮಾಲೀಕರ ಹೊಣೆ ತೀರುವುದಿಲ್ಲ.

ಅರ್ಜಿ: ಎಲ್ಲಿ, ಎಷ್ಟರೊಳಗೆ

ಅಪಘಾತ ಅಥವಾ ಸಾವಿನಿಂದ ಎರಡು ವರ್ಷದೊಳಗೆ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು, ಆದರೆ ಅದನ್ನು ನಂಬಿ ಕೂರಬೇಡಿ.

ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಈ ಅರ್ಜಿಗಳನ್ನು ನಡೆಸಿಕೊಂಡು ಬಂದಿರುವುದು ನೌಕರರ ಪರಿಹಾರ ಆಯುಕ್ತರ ಅಧಿಕಾರ ಹೊಂದಿದ ಹಿರಿಯ ಸಿವಿಲ್ ನ್ಯಾಯಾಧೀಶರು. ಸಂಹಿತೆಯಲ್ಲಿ ಇವರ ಜಾಗಕ್ಕೆ ಸಕ್ಷಮ ಪ್ರಾಧಿಕಾರ ಎಂಬ ಹೆಸರು ಬಂದಿದೆ. ಯಾವ ಕಚೇರಿ ಎಂಬುದನ್ನು ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿ. ಅಪಘಾತವಾದ ಊರಿನಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ನೀವು ಅಥವಾ ಅವಲಂಬಿತರು ವಾಸಿಸುವ ಊರಿನಲ್ಲೂ ಹಾಕಬಹುದು. ಬೆಂಗಳೂರಿನ ಸೈಟಿನಲ್ಲಿ ಬಿದ್ದ ಯಾದಗಿರಿಯ ಕಾರ್ಮಿಕ, ಗೋವಾದಲ್ಲಿ ಗಾಯಗೊಂಡ ಕೊಪ್ಪಳದವ, ಪುಣೆಯಲ್ಲಿ ಗಂಡನನ್ನು ಕಳೆದುಕೊಂಡ ವಿಜಯಪುರದ ಹೆಂಗಸು ಊರಿನಲ್ಲೇ ಪ್ರಕರಣ ನಡೆಸಬಹುದು. ಬಸ್ ಖರ್ಚಿಗೆ ಹೆದರಿ ಕೈಬಿಟ್ಟವರಿಗೆ ಈ ಒಂದು ವಿಷಯ ತಿಳಿದಿದ್ದರೆ ಸಾಕಿತ್ತು.

ವಕೀಲರಿಗೆ ಹಣವಿಲ್ಲದಿದ್ದರೆ ಅದೇ ಕಾನೂನು ಸೇವೆಗಳ ಸಮಿತಿ ಉಚಿತವಾಗಿ ವಕೀಲರನ್ನು ನೇಮಿಸುತ್ತದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿ ಇಲ್ಲದೆ ಅರ್ಹರು. ಸಹಾಯವಾಣಿ 15100. ಖಾಸಗಿ ವಕೀಲರನ್ನೇ ನೇಮಿಸಿಕೊಂಡರೆ ಶುಲ್ಕವನ್ನು ಮೊದಲೇ ಮಾತನಾಡಿಕೊಳ್ಳಿ. "ಬಂದದ್ದರಲ್ಲಿ ಇಷ್ಟು ಶೇಕಡಾ" ಎಂಬ ಕರಾರು ವಕೀಲಿ ವೃತ್ತಿಯ ನಿಯಮಗಳಿಗೆ ವಿರುದ್ಧ.

ಲೋಕ ಅದಾಲತ್‌ಗೆ ಪ್ರಕರಣ ಬಂದರೆ ಬೇಗ ಹಣ ಸಿಗುತ್ತದೆ, ನಿಜ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಮೇಲಿನ ಲೆಕ್ಕ ಹಾಕಿ, ಎಷ್ಟಕ್ಕೆ ಇಳಿಯಬಹುದು ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ.

ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿಯಿಂದ ಅಪಘಾತ ಸಹಾಯಧನ ಬೇರೆಯೇ ಇದೆ. ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಿ. ಮಾಲೀಕರ ಹೊಣೆ ಅದರಿಂದ ಕಡಿಮೆಯಾಗುವುದಿಲ್ಲ.

ತೀರ್ಪಾದ ಮೇಲೆ

ಪರಿಹಾರ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಬಡ್ಡಿ ಸೇರುತ್ತದೆ. ಹಳೆಯ ಕಾಯ್ದೆಯಲ್ಲಿ ಇದು ವರ್ಷಕ್ಕೆ ಕನಿಷ್ಠ ಶೇ. 12. ತಡಕ್ಕೆ ಸಮರ್ಥನೆಯೇ ಇಲ್ಲದಿದ್ದರೆ ಮೊತ್ತದ ಶೇ. 50ರವರೆಗೆ ದಂಡವನ್ನೂ ಹೇರಬಹುದು. ವಿಮೆ ಇದ್ದರೆ ಬಡ್ಡಿಯನ್ನು ವಿಮಾ ಕಂಪನಿ ಕೊಡುತ್ತದೆ, ದಂಡ ಮಾತ್ರ ಮಾಲೀಕರ ಜೇಬಿನಿಂದಲೇ ಹೋಗಬೇಕು. ಅರ್ಜಿಯಲ್ಲಿ ಬಡ್ಡಿ ಮತ್ತು ದಂಡ ಎರಡನ್ನೂ ಕೇಳಿದ್ದೀರಾ ಎಂದು ಒಮ್ಮೆ ನೋಡಿ. ಪ್ರಕರಣ ಮೂರು ವರ್ಷ ನಡೆದರೆ ಬಡ್ಡಿಯೇ ಮೂಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾಗುತ್ತದೆ.

ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಲು 60 ದಿನ ಅವಕಾಶ. ಮಾಲೀಕರು ಹೋಗುವುದಾದರೆ ಮೊದಲು ತೀರ್ಪಿನ ಹಣ ಠೇವಣಿ ಇಡಬೇಕು. ಕಾನೂನಿನ ಗಂಭೀರ ಪ್ರಶ್ನೆ ಇದ್ದರೆ ಮಾತ್ರ ಅಲ್ಲಿ ವಿಚಾರಣೆ. ಉತ್ತರ ಕರ್ನಾಟಕದವರು ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಇದನ್ನು ಎದುರಿಸಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ನಿಮಗೂ ಮೊತ್ತ ಕಡಿಮೆ ಎನಿಸಿದರೆ ಇದೇ 60 ದಿನದೊಳಗೆ ಹೋಗಬೇಕು.

ಹಣ ಬರುವುದು ನಿಮ್ಮ ಹೆಸರಿನ ಬ್ಯಾಂಕ್ ಖಾತೆಗೆ. ಚಿಕ್ಕ ಮಕ್ಕಳ ಪಾಲನ್ನು ಅವರು ವಯಸ್ಸಿಗೆ ಬರುವವರೆಗೆ ನಿಶ್ಚಿತ ಠೇವಣಿಯಲ್ಲಿ ಇಡುವಂತೆ ಆದೇಶವಾಗಬಹುದು. ಈ ಹಣವನ್ನು ಸಾಲಗಾರರು ಜಪ್ತಿ ಮಾಡಿಸುವಂತಿಲ್ಲ. ತೀರ್ಪಾದರೂ ಮಾಲೀಕರು ಕಟ್ಟದಿದ್ದರೆ ಹೊಸ ದಾವೆ ಹೂಡಬೇಕಿಲ್ಲ: ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಿಕೊಡಿ ಎಂದು ತೀರ್ಪು ಕೊಟ್ಟ ಪ್ರಾಧಿಕಾರಕ್ಕೇ ಅರ್ಜಿ ಕೊಟ್ಟರೆ ಕಂದಾಯ ಇಲಾಖೆಗೆ ಪತ್ರ ಹೋಗುತ್ತದೆ. ಆ ಅರ್ಜಿಯಲ್ಲಿ ಮಾಲೀಕರ ಜಮೀನು, ಶೆಡ್, ವಾಹನಗಳ ವಿವರ ಎಷ್ಟು ಗೊತ್ತಿದೆಯೋ ಅಷ್ಟನ್ನೂ ಬರೆಯಿರಿ, ಪಹಣಿಯ ಪ್ರತಿ ಸಿಕ್ಕರೆ ಲಗತ್ತಿಸಿ.